ಗುಲ್ಮಾರ್ಗ್‌ಗೆ ಹೊರಟ ಮಗ ಮತ್ತು ಮನೆಯ ಬೈಕ್ ಹೆಲ್ಮೆಟ್

(ಸಂಪಾದಕರ ಉತ್ತರ)

ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ಮಗ ಫೆಬ್ರವರಿಯಲ್ಲಿ ಗೆಳೆಯರ ಜೊತೆ ಗುಲ್ಮಾರ್ಗ್‌ಗೆ ಸ್ಕೀಯಿಂಗ್ ಕಲಿಯಲು ಹೊರಟಿದ್ದಾನೆ. ಗೆಳೆಯರಲ್ಲಿ ಒಬ್ಬನಿಗೆ ಸ್ನೋಬೋರ್ಡೇ ಬೇಕಂತೆ. ಆ ತಾಯಿಯ ಪ್ರಶ್ನೆಗಳಿವು: ಫಾರ್ಮುಲಾ ಒನ್ ಕಾರ್ ರೇಸಿನ ಮೈಕೆಲ್ ಶೂಮಾಕರ್ ಸ್ಕೀ ಮಾಡುವಾಗ ಹೆಲ್ಮೆಟ್ ಹಾಕಿಕೊಂಡೇ ಬಿದ್ದು ಕೋಮಾಕ್ಕೆ ಹೋದರಲ್ಲ, ಹಾಗಿದ್ದರೆ ಹೆಲ್ಮೆಟ್ಟಿನಿಂದ ಏನು ಉಪಯೋಗ? ಮನೆಯಲ್ಲಿರುವ ಬೈಕ್ ಹೆಲ್ಮೆಟ್ಟನ್ನೇ ಕಳಿಸಿದರೆ ನಡೆಯುತ್ತದೆಯೇ? ಬಾಡಿಗೆ ಅಂಗಡಿಯಲ್ಲಿ ಏನೇನು ನೋಡಿಕೊಳ್ಳಬೇಕು? ಹಿಮಕುಸಿತದಲ್ಲಿ ಅಲ್ಲಿ ಜನ ಸತ್ತದ್ದನ್ನು ಓದಿದ ಮೇಲೆ ಮಗನನ್ನು ಕಳಿಸುವುದೋ ಬೇಡವೋ?

ಕೊನೆಯದಕ್ಕೇ ಮೊದಲು ಉತ್ತರ: ಕಳಿಸಿ. ಆದರೆ ಅವನು ಯಾವ ಇಳಿಜಾರಿನಲ್ಲಿ, ಯಾರ ಕೈಕೆಳಗೆ ಕಲಿಯುತ್ತಾನೆ ಎನ್ನುವುದು ಇಲ್ಲಿಂದ ಹೊರಡುವ ಮೊದಲೇ ಇತ್ಯರ್ಥವಾಗಿರಲಿ.

ಶೂಮಾಕರ್ ಬಿದ್ದದ್ದು 2013ರ ಡಿಸೆಂಬರ್ 29ರಂದು, ಫ್ರಾನ್ಸಿನ ಮೆರಿಬೆಲ್‌ನಲ್ಲಿ. ಎರಡು ಗುರುತಿಸಿದ ಹಾದಿಗಳ ನಡುವಿನ ಹಿಮದಲ್ಲಿ ಹೋಗುತ್ತಿದ್ದಾಗ ಸ್ಕೀ ಬಂಡೆಗೆ ತಾಗಿ ಮುಗ್ಗರಿಸಿದರು, ಮುಂದಿದ್ದ ಇನ್ನೊಂದು ಬಂಡೆಗೆ ತಲೆ ಬಡಿಯಿತು. ಹೆಲ್ಮೆಟ್ ಇಲ್ಲದಿದ್ದರೆ ಆಸ್ಪತ್ರೆಯವರೆಗೂ ಬರುತ್ತಿರಲಿಲ್ಲ ಎಂದು ಗ್ರೆನೋಬಲ್‌ನ ವೈದ್ಯರೇ ಹೇಳಿದ್ದರು. ಹೆಲ್ಮೆಟ್ ತನ್ನ ಕೆಲಸ ಮಾಡಿತ್ತು. ಆದರೆ ಅದಕ್ಕೊಂದು ಮಿತಿಯಿದೆ, ಆ ಮಿತಿ ನಾವು ಅಂದುಕೊಂಡದ್ದಕ್ಕಿಂತ ತುಂಬ ಕೆಳಗಿದೆ.

ಸ್ಕೀ ಹೆಲ್ಮೆಟ್ಟಿಗೆ ಎರಡು ಮಾನದಂಡಗಳು ಹೆಚ್ಚು ಚಾಲ್ತಿಯಲ್ಲಿವೆ: ಯುರೋಪಿನ ಇ.ಎನ್. 1077, ಅಮೆರಿಕದ ಎ.ಎಸ್.ಟಿ.ಎಂ. ಎಫ್ 2040. ಎರಡರಲ್ಲೂ ಪರೀಕ್ಷೆ ಎಂದರೆ ಹೆಲ್ಮೆಟ್ ತೊಡಿಸಿದ ಲೋಹದ ತಲೆಯನ್ನು ಒಂದೂವರೆಯಿಂದ ಎರಡು ಮೀಟರ್ ಎತ್ತರದಿಂದ ಬೀಳಿಸುವುದು. ಆ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ 20ರಿಂದ 22 ಕಿ.ಮೀ. ವೇಗದಲ್ಲಿರುತ್ತದೆ. ಆದರೆ ಅಷ್ಟಿಷ್ಟು ಪಳಗಿದ ಸ್ಕೀಯರ್ ಚೆನ್ನಾಗಿ ಹದ ಮಾಡಿದ ಹಾದಿಯಲ್ಲಿ ಸಲೀಸಾಗಿ 45 ಕಿ.ಮೀ. ವೇಗ ಮುಟ್ಟುತ್ತಾನೆ. ವೇಗ ಇಮ್ಮಡಿಯಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. 45 ಕಿ.ಮೀ. ವೇಗದಲ್ಲಿ ಮರಕ್ಕೆ ಬಡಿಯುವುದು ಎಂಟು ಮೀಟರ್ ಎತ್ತರದಿಂದ, ಅಂದರೆ ನಿಮ್ಮ ಬಡಾವಣೆಯ ಎರಡಂತಸ್ತಿನ ಮನೆಯ ತಾರಸಿ ಮೇಲಿನ ನೀರಿನ ಟ್ಯಾಂಕಿನಿಂದ ಕೆಳಗೆ ಬಿದ್ದಂತೆ.

ಹಾಗಿದ್ದರೂ ಎರಡು ಮೀಟರಿನ ಪರೀಕ್ಷೆ ಅರ್ಥವಿಲ್ಲದ್ದಲ್ಲ. ಇಳಿಜಾರಿನ ಹಿಮದ ಮೇಲೆ ಬಿದ್ದವನ ಮುಂದಿನ ವೇಗವೆಲ್ಲ ಒಂದೇಟಿಗೆ ನಿಲ್ಲುವುದಿಲ್ಲ, ಜಾರುತ್ತ ಜಾರುತ್ತ ಹತ್ತಿಪ್ಪತ್ತು ಮೀಟರಿನಲ್ಲಿ ಕರಗುತ್ತದೆ. ತಲೆಗೆ ತಗಲುವುದು ಹೆಚ್ಚಾಗಿ ಅವನ ಸ್ವಂತ ಎತ್ತರದಿಂದ ಬಿದ್ದ ಪೆಟ್ಟು. ಅದಕ್ಕೆ ಹೆಲ್ಮೆಟ್ ಸಾಕು. ಮರ, ಬಂಡೆ, ಜನರನ್ನು ಮೇಲಕ್ಕೊಯ್ಯುವ ಲಿಫ್ಟಿನ ಕಂಬ ಎದುರಾದರೆ ಲೆಕ್ಕ ಬೇರೆ. ಇದ್ದ ವೇಗವೆಲ್ಲ ಕೆಲವೇ ಸೆಂಟಿಮೀಟರಿನಲ್ಲಿ ನಿಲ್ಲಬೇಕು.

ಅಮೆರಿಕದ ಸ್ಕೀ ರೆಸಾರ್ಟ್‌ಗಳಲ್ಲಿ ಹಲವು ವರ್ಷಗಳಿಂದ ಋತುವೊಂದಕ್ಕೆ ಸರಾಸರಿ 40ರ ಆಸುಪಾಸು ಸಾವು ಆಗುತ್ತಿವೆ, ಐದಾರು ಕೋಟಿ ಭೇಟಿಗಳಿಗೆ. ಈ ಶತಮಾನದ ಆರಂಭದಲ್ಲಿ ಅಲ್ಲಿ ನಾಲ್ವರಲ್ಲಿ ಒಬ್ಬರು ಹೆಲ್ಮೆಟ್ ಹಾಕುತ್ತಿದ್ದರು, ಈಗ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಜನ ಹಾಕುತ್ತಾರೆ. ತಲೆಯ ಗಾಯಗಳು ಗಣನೀಯವಾಗಿ ಇಳಿದವು, ಸಾವಿನ ಸಂಖ್ಯೆ ಆ ಪ್ರಮಾಣದಲ್ಲಿ ಇಳಿಯಲಿಲ್ಲ. ಸತ್ತವರಲ್ಲಿ ಹೆಚ್ಚಿನವರು ಗಂಡಸರು, ಹದಿಹರೆಯದ ಕೊನೆಯಿಂದ ಮೂವತ್ತರ ಕೊನೆಯೊಳಗಿನವರು, ಚೆನ್ನಾಗಿ ಬಲ್ಲವರು. ಸತ್ತದ್ದು ಕಡಿದಾದ ಪ್ರಪಾತದಲ್ಲೂ ಅಲ್ಲ, ಮಧ್ಯಮ ದರ್ಜೆಯ ಹದ ಮಾಡಿದ ಹಾದಿಯ ಅಂಚಿನಲ್ಲಿ, ಮರಕ್ಕೆ ಬಡಿದು. ಹಾದಿ ಸುಲಭವಿದ್ದಾಗಲೇ ವೇಗ ಏರುವುದು. ನಿಮ್ಮ ಮಗ ಮೊದಲ ವಾರದಲ್ಲಿ ಹತ್ತು ಸಲ ಬಿದ್ದರೆ ನನಗೆ ಚಿಂತೆಯಿಲ್ಲ. ಬೀಳದೆ ನೇರವಾಗಿ ಇಳಿಯಲು ಶುರುಮಾಡಿದ ದಿನ ಎಚ್ಚರ ಬೇಕು.

ಬೈಕ್ ಹೆಲ್ಮೆಟ್ ಬೇಡ. ಅದರ ತೂಕಕ್ಕೆ ಕುತ್ತಿಗೆ ಸೋಲುತ್ತದೆ, ಅಕ್ಕಪಕ್ಕ ಕಾಣಿಸದು, ಮೇಲಿನಿಂದ ಬರುವವನ ಕೂಗು ಕೇಳಿಸದು, ಉಸಿರಿನ ಹಬೆ ಗಾಜಿಗೆ ಕಟ್ಟುತ್ತದೆ. ಸ್ಕೀ ಹೆಲ್ಮೆಟ್ಟನ್ನು ಬಾಡಿಗೆಗೆ ತರುವ ಬದಲು ಕೊಳ್ಳಿ, ಏಕೆಂದರೆ ಒಮ್ಮೆ ಜೋರಾಗಿ ಬಡಿದ ಹೆಲ್ಮೆಟ್ಟಿನ ಒಳಗಿನ ಫೋಮ್ ಕುಗ್ಗಿರುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಒಳಗಿನ ಚೀಟಿಯಲ್ಲಿ ಮೇಲೆ ಹೇಳಿದ ಎರಡರಲ್ಲಿ ಒಂದು ಸಂಖ್ಯೆ ಇರಲೇಬೇಕು. ಹುಬ್ಬಿನ ಮೇಲೆ ಎರಡು ಬೆರಳಗಲ ಮಾತ್ರ ಬಿಟ್ಟು ಕೂರಬೇಕು. ಪಟ್ಟಿ ಬಿಗಿಯದೆ ತಲೆ ಅಲ್ಲಾಡಿಸಿದರೂ ಅದು ಚರ್ಮದ ಜೊತೆಗೇ ಅಲುಗಬೇಕು. ಒಳಗೆ ಉಣ್ಣೆಯ ಟೋಪಿ ಹಾಕಿಕೊಳ್ಳಬಾರದು.

ಇನ್ನು ಬಾಡಿಗೆ ಅಂಗಡಿ. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹುಡುಗರು ಅತ್ಯಂತ ಅವಸರ ಮಾಡುವುದೇ ಇಲ್ಲಿ. ಬೂಟನ್ನು ಸ್ಕೀಗೆ ಹಿಡಿದಿಡುವ ಭಾಗಕ್ಕೆ ಬೈಂಡಿಂಗ್ ಎನ್ನುತ್ತಾರೆ. ಬಿದ್ದಾಗ ಅದು ತಾನಾಗಿ ಬಿಟ್ಟುಕೊಳ್ಳಬೇಕು: ಮುಂಭಾಗ ಪಕ್ಕಕ್ಕೆ, ಹಿಮ್ಮಡಿಯ ಭಾಗ ಮೇಲಕ್ಕೆ. ಎಷ್ಟು ಬಲಕ್ಕೆ ಬಿಡಬೇಕು ಎಂಬುದನ್ನು ಸ್ಕ್ರೂ ತಿರುಗಿಸಿ ಹೊಂದಿಸುತ್ತಾರೆ, ಪಕ್ಕದ ಪುಟ್ಟ ಕಿಂಡಿಯಲ್ಲಿ ಅಂಕಿ ಕಾಣುತ್ತದೆ. ಅದಕ್ಕೆ ಡಿನ್ ಎಂದು ಹೆಸರು. ಈ ಅಂಕಿ ಬರುವುದು ಐದು ಸಂಗತಿಗಳಿಂದ: ತೂಕ, ಎತ್ತರ, ವಯಸ್ಸು, ಕೌಶಲ, ಬೂಟಿನ ಅಟ್ಟೆಯ ಉದ್ದ. ಅಟ್ಟೆಯ ಉದ್ದ ಬೂಟಿನ ಹಿಮ್ಮಡಿಯ ಪಕ್ಕದಲ್ಲಿ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ. ಅಂಗಡಿಯವನು ಇದನ್ನೆಲ್ಲ ಕೇಳದೆ, ಪಟ್ಟಿ ನೋಡದೆ ಸ್ಕ್ರೂ ತಿರುಗಿಸಿದರೆ ಬೇರೆ ಅಂಗಡಿಗೆ ಹೋಗಲಿ.

ಕೌಶಲ ಕೇಳಿದಾಗ 'ಸ್ವಲ್ಪ ಬರುತ್ತೆ' ಎನ್ನುವುದು ನಮ್ಮ ಹುಡುಗರ ಚಾಳಿ. ಹಾಗೆ ಹೇಳಿದರೆ ಅಂಕಿ ಒಂದು ಮೆಟ್ಟಿಲು ಏರುತ್ತದೆ, ಬಿಡಬೇಕಾದಾಗ ಬೈಂಡಿಂಗ್ ಬಿಡುವುದಿಲ್ಲ, ಮೊಣಕಾಲ ಕೆಳಗಿನ ಮೂಳೆ ತಿರುಚಿ ಮುರಿಯುತ್ತದೆ. 'ಮೊದಲ ಸಲ' ಎಂದೇ ಹೇಳಲಿ, ತೂಕವನ್ನೂ ನಿಜವಾದದ್ದನ್ನೇ ಹೇಳಲಿ. ಅಂಕಿ ತೀರ ಕಡಿಮೆಯಾದರೂ ಅಪಾಯವೇ, ಓಡುತ್ತಿರುವಾಗಲೇ ಸ್ಕೀ ಕಳಚುತ್ತದೆ. ಎಡ-ಬಲ ಸ್ಕೀಗಳಲ್ಲಿ ಅಂಕಿ ಒಂದೇ ಇದೆಯೇ ನೋಡಬೇಕು. ಪ್ರತಿಸಲ ಬೂಟು ತೂರಿಸುವ ಮೊದಲು ಅಟ್ಟೆಗೆ ಮೆತ್ತಿದ ಹಿಮವನ್ನು ಕೋಲಿನಿಂದ ಕೆರೆದು ತೆಗೆಯಬೇಕು. ಗಟ್ಟಿಯಾದ ಹಿಮದ ಉಂಡೆಯೊಂದು ನಡುವೆ ಸಿಕ್ಕಿದರೆ ಅಂಗಡಿಯವನು ಹೊಂದಿಸಿದ ಲೆಕ್ಕವೆಲ್ಲ ತಲೆಕೆಳಗು. ಹಾಗೆಯೇ, ಬೂಟು ಹಾಕಿಕೊಂಡು ಡಾಂಬರಿನ ಮೇಲೆ ಓಡಾಡಿದರೆ ಅಟ್ಟೆ ಸವೆಯುತ್ತದೆ, ಸವೆದ ಅಟ್ಟೆ ಬೈಂಡಿಂಗಿನಲ್ಲಿ ಸರಿಯಾಗಿ ಕೂರುವುದಿಲ್ಲ. ಕಾಲುಚೀಲ ಒಂದೇ ಜೊತೆ, ತೆಳುವಾದ ಉಣ್ಣೆಯದು. ಚಳಿಯೆಂದು ಎರಡು ಜೊತೆ ಹಾಕಿದರೆ ರಕ್ತ ಓಡದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ.

ಬೈಂಡಿಂಗ್ ಮೂಳೆಯನ್ನು ಕಾಯುತ್ತದೆ, ಮೊಣಕಾಲಿನ ಒಳಗೆ ಮೂಳೆಗಳನ್ನು ಬಿಗಿದಿಡುವ ಎ.ಸಿ.ಎಲ್. ಎಂಬ ಕಟ್ಟನ್ನು ಹೆಚ್ಚೇನೂ ಕಾಯುವುದಿಲ್ಲ. ಹಿಂದಕ್ಕೆ ವಾಲಿ, ಕುಂಡೆ ಮೊಣಕಾಲಿಗಿಂತ ಕೆಳಗಿಳಿದು, ಒಂದು ಸ್ಕೀ ಒಳಮುಖವಾಗಿ ತಿರುಗಿದಾಗ ಅದು ಹರಿಯುತ್ತದೆ. ಬೀಳುತ್ತಿದ್ದೇನೆ ಎಂದು ಗೊತ್ತಾದ ಮೇಲೆ ಮತ್ತೆ ಎದ್ದು ನಿಲ್ಲಲು ಹೆಣಗದೆ, ಕೈಗಳನ್ನು ಮುಂದೆ ಇಟ್ಟುಕೊಂಡು ಸುಮ್ಮನೆ ಬಿದ್ದುಬಿಡಬೇಕು. ಇನ್ನೂ ಸಮಯವಿರುವುದರಿಂದ ದಿನಾ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವ ಅಭ್ಯಾಸ ಮಾಡಲಿ, ವಾರಕ್ಕೊಮ್ಮೆ ಚಿತ್ರದುರ್ಗದ ಜೋಗಿಮಟ್ಟಿ ಹತ್ತಿ ಇಳಿಯಲಿ. ತೊಡೆಗೆ ಕೆಲಸ ಕೊಡುವುದು ಇಳಿಯುವಾಗಲೇ.

ಸ್ನೋಬೋರ್ಡಿನ ಹುಡುಗನಿಗೆ ಬೇರೆ ಮಾತು. ಅವನ ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುತ್ತವೆ, ಬಿದ್ದರೂ ಬಿಡುವುದಿಲ್ಲ. ಕಲಿಯುವಾಗ ಹಲಗೆಯ ಇಳಿಜಾರಿನ ಕಡೆಯ ಅಂಚು ಹಿಮಕ್ಕೆ ಕಚ್ಚಿ ಮನುಷ್ಯ ದಬಕ್ಕನೆ ಬೀಳುತ್ತಾನೆ. ಮುಂದಕ್ಕೆ ಬಿದ್ದರೆ ಮಣಿಕಟ್ಟು ಮುರಿಯುತ್ತದೆ, ಹಿಂದಕ್ಕೆ ಬಿದ್ದರೆ ಹಿಂದಲೆ ಬಡಿಯುತ್ತದೆ. ಮಣಿಕಟ್ಟಿನ ಗಾರ್ಡ್ ಕೊಳ್ಳಲಿ. ಅಂಗೈ ಊರದೆ, ಮುಷ್ಟಿ ಬಿಗಿದು ಮುಂದೋಳಿನ ಮೇಲೆ ಬೀಳುವುದನ್ನು ರೂಢಿಸಿಕೊಳ್ಳಲಿ.

ತಲೆಗೆ ಪೆಟ್ಟು ಬಿದ್ದವನು ಎದ್ದು ನಗುತ್ತಿದ್ದರೂ ನಂಬಬೇಡಿ. ನಟಿ ನತಾಶಾ ರಿಚರ್ಡ್‌ಸನ್ 2009ರ ಮಾರ್ಚ್ 16ರಂದು ಕೆನಡಾದ ಮೋಂ ಟ್ರೆಂಬ್ಲಾಂನಲ್ಲಿ ಹೊಸಬರ ಇಳಿಜಾರಿನಲ್ಲಿ, ಪಾಠದ ಹೊತ್ತಿನಲ್ಲೇ ಬಿದ್ದರು, ಹೆಲ್ಮೆಟ್ ಇರಲಿಲ್ಲ. ಚೆನ್ನಾಗಿಯೇ ಮಾತಾಡುತ್ತಿದ್ದರು, ಚಿಕಿತ್ಸೆ ಬೇಡವೆಂದರು. ಆಮೇಲೆ ತಲೆನೋವು ಶುರುವಾಯಿತು, 18ರಂದು ತೀರಿಕೊಂಡರು. ತಲೆಬುರುಡೆ ಮತ್ತು ಮಿದುಳಿನ ಹೊದಿಕೆಯ ನಡುವೆ ರಕ್ತ ಕಟ್ಟಿತ್ತು. ಇಂಥ ರಕ್ತಸ್ರಾವದಲ್ಲಿ ಮೊದಲ ಒಂದೆರಡು ಗಂಟೆ ಆರಾಮವಾಗಿ ಕಾಣುವುದುಂಟು. ಪೆಟ್ಟು ಬಿದ್ದವನನ್ನು ಆ ದಿನ ಮತ್ತೆ ಇಳಿಜಾರಿಗೆ ಬಿಡಬಾರದು, ರಾತ್ರಿ ಒಬ್ಬನೇ ಮಲಗಲು ಬಿಡಬಾರದು. ಹೆಚ್ಚುತ್ತಿರುವ ತಲೆನೋವು, ವಾಂತಿ, ಮಂಪರು, ತೊದಲು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಹೊರಡಬೇಕು. ಗುಲ್ಮಾರ್ಗ್‌ನಿಂದ ಶ್ರೀನಗರ ಸುಮಾರು 50 ಕಿ.ಮೀ., ಹಿಮ ಬಿದ್ದ ರಸ್ತೆಯಲ್ಲಿ ಇದು ಸಣ್ಣ ದೂರವಲ್ಲ.

ಈಗ ಹಿಮಕುಸಿತ. 2023ರ ಫೆಬ್ರವರಿ 1ರಂದು ಗುಲ್ಮಾರ್ಗ್‌ನ ಮೇಲಿರುವ ಅಫರ್‌ವಟ್ ಶಿಖರದ ಕಡೆ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬರು ಸತ್ತರು. ಎರಡೂ ಮೇಲ್ಭಾಗದ, ಹದ ಮಾಡದ ಹಿಮದಲ್ಲಿ ಆದದ್ದು. ಹೊಸಬರು ಕಲಿಯುವುದು ಕೆಳಗಿನ ಹುಲ್ಲುಗಾವಲಿನ ಮಂದ ಇಳಿಜಾರಿನಲ್ಲಿ, ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾದ, ಅಂದರೆ ಬೆಟ್ಟ ಹತ್ತಿಸುವ ಕೇಬಲ್ ಕಾರಿನ, ಎರಡನೇ ಹಂತ ನಿಮ್ಮನ್ನು ಸುಮಾರು 3,950 ಮೀಟರಿಗೆ ಒಯ್ಯುತ್ತದೆ, ಅಲ್ಲಿ ಗಸ್ತಿನವರು ನೋಡಿಕೊಳ್ಳುವ ಪ್ರದೇಶದ ಗಡಿ ದಾಟಿದರೆ ಬರಿಯ ಬೆಟ್ಟ. ಟಿಕೆಟ್ ಕೊಳ್ಳುವಾಗ 'ನಿನಗೆ ಸ್ಕೀ ಬರುತ್ತದೆಯೇ' ಎಂದು ಯಾರೂ ಪರೀಕ್ಷೆ ಮಾಡುವುದಿಲ್ಲ. ಫೋಟೋಗೆಂದು ಹೋಗಿ ಗೊಂಡೋಲಾದಲ್ಲೇ ಮರಳಲಿ, ಸ್ಕೀ ಕೆಳಗೇ ಇರಲಿ.

ಹಲಗೆಯಂತೆ ಗಟ್ಟಿಯಾದ ಮೇಲ್ಪದರ ಕೆಳಗಿನ ಸಡಿಲ ಪದರದ ಮೇಲಿಂದ ಜಾರುವುದೇ ಕೊಲ್ಲುವ ಬಗೆಯ ಹಿಮಕುಸಿತ. ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತದೆ, ಹೆಚ್ಚಿನ ಸಲ ಸಿಕ್ಕಿಬಿದ್ದವರೋ ಅವರ ಜೊತೆಗಾರರೋ ಕಾಲಿಟ್ಟದ್ದೇ ಕಾರಣ. ಹೂತವನನ್ನು ಹತ್ತು ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಬಹಳ, ಆಮೇಲೆ ಉಸಿರು ಕಟ್ಟಿ ಸಾಯುತ್ತಾರೆ. ಹೊರಗಿನ ನೆರವು ಅಷ್ಟರಲ್ಲಿ ಬರುವುದಿಲ್ಲ. ಅದಕ್ಕೇ ಅಲ್ಲಿಗೆ ಹೋಗುವ ಪ್ರತಿಯೊಬ್ಬರ ಬಳಿಯೂ ಹೂತವನಿರುವ ಜಾಗವನ್ನು ರೇಡಿಯೋ ಸಂಕೇತದಿಂದ ತೋರಿಸುವ 457 ಕಿಲೋಹರ್ಟ್ಸ್‌ನ ಟ್ರಾನ್ಸೀವರ್, ಚುಚ್ಚಿ ನೋಡುವ ಉದ್ದ ಕೋಲು, ಲೋಹದ ಸಲಿಕೆ ಮೂರೂ ಇರಬೇಕು, ಬಳಸಲೂ ಬರಬೇಕು. ಎರಡು ವಾರದ ಹೊಸಬನಿಗೆ ಇದು ಸೇರಿದ್ದಲ್ಲ. ಮರಗಳ ನಡುವೆ ನುಗ್ಗುವುದೂ ಬೇಡ. ಭಾರಿ ಹಿಮ ಬಿದ್ದ ಮೇಲೆ ದೇವದಾರುವಿನಂಥ ಮರಗಳ ಬುಡದಲ್ಲಿ, ಕೊಂಬೆಗಳ ಅಡಿಯಲ್ಲಿ, ಸಡಿಲ ಹಿಮದ ಗುಂಡಿ ಇರುತ್ತದೆ. ತಲೆಕೆಳಗಾಗಿ ಬಿದ್ದವನು ಒದ್ದಾಡಿದಷ್ಟೂ ಒಳಗಿಳಿಯುತ್ತಾನೆ, ಜೊತೆಗಾರ ಕಣ್ಣಳತೆಯಲ್ಲಿ ಇಲ್ಲದಿದ್ದರೆ ಎಳೆಯುವವರಿಲ್ಲ.

ಹಾದಿಯ ಮೇಲಿನ ನಿಯಮಗಳನ್ನು ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟ ಹತ್ತು ಅಂಶಗಳಲ್ಲಿ ಕೊಟ್ಟಿದೆ. ಹೊಸಬನಿಗೆ ಎರಡು ಬಾಯಿಪಾಠವಾದರೆ ಸಾಕು: ಕೆಳಗೆ ಇರುವವನಿಗೇ ಮೊದಲ ಹಕ್ಕು, ಮೇಲಿನಿಂದ ಬರುವವನೇ ತಪ್ಪಿಸಿಕೊಂಡು ಹೋಗಬೇಕು, ನಿಲ್ಲುವುದಾದರೆ ಅಂಚಿನಲ್ಲಿ, ಮೇಲಿನವರಿಗೆ ಕಾಣುವ ಕಡೆ ನಿಲ್ಲಬೇಕು, ದಿಬ್ಬದ ಮರೆಯಲ್ಲಿ ಅಲ್ಲ. ಮಧ್ಯಾಹ್ನ ಮೂರರ ನಂತರ 'ಇನ್ನೊಂದೇ ಒಂದು ಸಲ' ಬೇಡ. ಕಾಲು ಸೋತಿರುತ್ತದೆ, ಬೆಳಕು ಮಂಕಾಗಿ ಉಬ್ಬುತಗ್ಗು ಕಾಣುವುದಿಲ್ಲ, ಮೆತ್ತಗಾಗಿದ್ದ ಹಿಮ ಮತ್ತೆ ಗಾಜಾಗುತ್ತದೆ.

ಕಲಿಕೆಗೆ ಗುಲ್ಮಾರ್ಗ್‌ನಲ್ಲೇ ಕೇಂದ್ರ ಸರ್ಕಾರದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಿದೆ. ಅಲ್ಲಿ ಜಾಗ ಸಿಕ್ಕದಿದ್ದರೆ ಖಾಸಗಿ ತರಬೇತುದಾರರನ್ನು ಗೊತ್ತು ಮಾಡಬಹುದು, ಒಬ್ಬರ ಕೈಯಲ್ಲಿ ನಾಲ್ಕೈದು ಜನಕ್ಕಿಂತ ಹೆಚ್ಚು ಬೇಡ. ಮೊದಲ ದಿನ ಬರಿಯ ಓಡಾಟಕ್ಕೆ ಇರಲಿ. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಮೈ ಹೊಂದಿಕೊಳ್ಳಲು ಹೊತ್ತು ಬೇಕು. ವಿಮೆ ಮಾಡಿಸುವಾಗ ಸ್ಕೀಯಿಂಗ್ ಮತ್ತು ಸ್ನೋಬೋರ್ಡಿಂಗ್ ಎರಡೂ ಸೇರಿವೆ ಎಂದು ಬರಹದಲ್ಲಿ ಪಡೆಯಿರಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿರುವುದೇ ಹೆಚ್ಚು, ಆ ಸಾಲು ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.