ಮನೆಯಲ್ಲಿ ಬೆಳೆದ ಗಾಂಜಾ ಜಾಡಿಗೆ ಹಾಕಿದ ಮೇಲೆ ಒಣಹುಲ್ಲಿನ ವಾಸನೆ ಬರ್ತಿದೆ, ಎಸೆಯಬೇಕಾ?

ಈಗಲೇ ಎಸೆಯಬೇಡಿ. ಮೊದಲು ಜಾಡಿ ಖಾಲಿ ಮಾಡಿ, ಇದ್ದಷ್ಟನ್ನೂ ಒಂದು ಅಗಲವಾದ ರಟ್ಟಿನ ಡಬ್ಬದಲ್ಲಿ ಒಂದರ ಮೇಲೊಂದು ಬೀಳದ ಹಾಗೆ ಹರವಿ ಬನ್ನಿ. ಮಿಕ್ಕಿದ್ದನ್ನು ಆಮೇಲೆ ಓದಬಹುದು.

ಹರವಿದ್ರಾ? ಸರಿ.

ನೀವು ಬರೆದಿರೋದು ಇಷ್ಟು: ಇರೋದು ಕೆನಡಾದ ಒಂಟಾರಿಯೋ ಪ್ರಾಂತ್ಯದ ಲಂಡನ್‌ನಲ್ಲಿ, ಹಿತ್ತಲಲ್ಲಿ ಎರಡು ಗಿಡ. ಅಕ್ಟೋಬರ್ ಮೊದಲ ವಾರ ಕೊಯ್ದು ಬೇಸ್‌ಮೆಂಟಿನಲ್ಲಿ ನೇತುಹಾಕಿ ಎದುರಿಗೇ ಫ್ಯಾನ್ ಇಟ್ರಿ. ಮೂರು ದಿನಕ್ಕೆ ಗರಿಗರಿ ಆಯ್ತು ಅಂತ ಜಾಡಿಗೆ ತುಂಬಿದ್ರಿ. ಎರಡು ದಿನ ಬಿಟ್ಟು ಮುಚ್ಚಳ ತೆಗೆದರೆ ಹೂಗಳು ಮತ್ತೆ ಮೆತ್ತಗಾಗಿವೆ, ಕೊಟ್ಟಿಗೆಯಲ್ಲಿ ಬರೋ ಹುಲ್ಲಿನ ವಾಸನೆ ಬರ್ತಿದೆ.

ನಾನಿರೋದು ಕಿಚನರ್‌ನಲ್ಲಿ, ನಿಮ್ಮಿಂದ ಒಂದೂಕಾಲು ಗಂಟೆ ದಾರಿ. 2019ರಲ್ಲಿ ಮೊದಲ ಸಲ ಬೆಳೆದಾಗ ನಾನೂ ಇದನ್ನೇ ಮಾಡಿದೆ. ಅದೂ ಎಲ್ಲಾ ಗೊತ್ತು ಅನ್ನೋ ಧೈರ್ಯದಲ್ಲಿ. ಯಾಕಂದ್ರೆ ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕು. ಹೊಗೆಸೊಪ್ಪು ಬೇಯಿಸೋ ಮನೆಯಲ್ಲಿ ಹುಟ್ಟಿದವನು ನಾನು. ಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಅನ್ನೋ ಸೊಪ್ಪು ಬೇಯಿಸೋ ಕಟ್ಟಡದ ಒಳಗೆ ಅಟ್ಟಣೆ ಮೇಲೆ ಅಟ್ಟಣೆ ಏರಿಸಿ, ಸೌದೆ ಹಾಕಿ ಐದಾರು ದಿನ ನಿದ್ದೆಗೆಟ್ಟು ಕಾಯೋದನ್ನು ನೋಡಿಕೊಂಡೇ ಬೆಳೆದದ್ದು. ಇಲ್ಲಿ ನಾಲ್ಕು ಗಿಡ ಒಣಗಿಸೋದು ಯಾವ ಲೆಕ್ಕ ಅಂತ ಮನೆ ಬಿಸಿ ಮಾಡೋ ಫರ್ನೆಸ್ ಪಕ್ಕದಲ್ಲೇ ಹಗ್ಗ ಕಟ್ಟಿದೆ. ಎರಡೂವರೆ ದಿನಕ್ಕೆ ಎಲೆ ಪುಡಿಪುಡಿ. ಜಾಡಿಗೆ ಹಾಕಿದೆ. ವಾರಕ್ಕೆ ನಿಮ್ಮದೇ ಕಥೆ.

ಏನಾಗಿದೆ ಅಂದ್ರೆ, ಒಣಗಿರೋದು ಮೇಲಿನ ಸಿಪ್ಪೆ ಮಾತ್ರ. ನೀರು ಕೂತಿರೋದು ಹೂವಿನ ನಡುವಿನ ಕಡ್ಡಿಯಲ್ಲಿ. ಫ್ಯಾನಿನ ಗಾಳಿ ನೇರ ಬಡಿದಾಗ ಹೊರಗಿನ ಪದರ ಬೇಗ ಒಣಗಿ, ಒಳಗಿನ ತೇವ ಹೊರಗೆ ಬರೋಕೆ ಪುರಸೊತ್ತೇ ಸಿಗಲಿಲ್ಲ. ಮುಚ್ಚಳ ಹಾಕಿದ ಮೇಲೆ ಅದು ನಿಧಾನಕ್ಕೆ ಹೊರಪದರಕ್ಕೆ ಬಂತು. ಅದಕ್ಕೇ ಮತ್ತೆ ಮೆತ್ತಗಾಗಿದೆ. ಹಸಿ ಹುಲ್ಲನ್ನು ಮೆದೆ ಹಾಕಿದರೆ ನಾಲ್ಕು ದಿನ ಬಿಟ್ಟು ಒಳಗೆ ಕೈ ಇಟ್ಟಾಗ ಬಿಸಿ ಹತ್ತುತ್ತಲ್ಲ, ನಿಮ್ಮ ಜಾಡಿಯಲ್ಲೂ ಸಣ್ಣ ಪ್ರಮಾಣದಲ್ಲಿ ಅದೇ ಜಾತಿ ಕೆಲಸ ಶುರುವಾಗಿದೆ.

ಹುಲ್ಲಿನ ವಾಸನೆಗೆ ಇನ್ನೊಂದು ಕಾರಣವೂ ಇದೆ. ಇದು ಅಪ್ಪ ಬ್ಯಾರನ್ ಬಾಗಿಲಲ್ಲಿ ನಿಂತು ಹೇಳ್ತಿದ್ದ ಮಾತು: "ಕಿತ್ತ ತಕ್ಷಣ ಸೊಪ್ಪು ಸಾಯಲ್ಲ ಕಣೋ, ಅದಕ್ಕೆ ಕೆಲಸ ಬಾಕಿ ಇರುತ್ತೆ." ಹೊಗೆಸೊಪ್ಪಿನಲ್ಲಿ ಮೊದಲ ಒಂದೆರಡು ದಿನ ಕಾವು ಮೂವತ್ತರ ಆಸುಪಾಸು ಇಟ್ಟು, ತೇವ ಹಾಗೇ ಉಳಿಸಿಕೊಂಡು, ಸೊಪ್ಪು ಹಳದಿ ತಿರುಗೋದನ್ನು ಕಾಯ್ತಾರೆ. ಆಗ ಎಲೆಯ ಜೀವಕೋಶ ಇನ್ನೂ ಬದುಕಿರುತ್ತೆ. ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತೆ, ಹಸಿರು ಕರಗುತ್ತೆ. ಅವಸರ ಮಾಡಿ ಬೆಂಕಿ ಏರಿಸಿದರೆ ಸೊಪ್ಪು ಹಸಿರು ಹಸಿರಾಗೇ ಒಣಗಿ ಕೂರುತ್ತೆ, ಹರಾಜಿನಲ್ಲಿ ಅದಕ್ಕೆ ಬೆಲೆಯಿಲ್ಲ. ಗಾಂಜಾ ಹೂವಿಗೂ ಇದೇ ನಿಯಮ. ಕೊಯ್ದ ಮೇಲೆ ಕೆಲವು ದಿನ ಒಳಗಿನ ಕಿಣ್ವಗಳು ಹಸಿರು ಬಣ್ಣವನ್ನೂ ಉಳಿದ ಸಕ್ಕರೆಯನ್ನೂ ಒಡೀತಾ ಇರುತ್ತವೆ. ಅದಕ್ಕೆ ತೇವ ಬೇಕು. ಮೂರು ದಿನಕ್ಕೆ ನೀರು ಹೋಗಿಬಿಟ್ಟರೆ ಕೆಲಸ ಅರ್ಧಕ್ಕೆ ನಿಲ್ಲುತ್ತೆ, ಹಸಿರು ಹಾಗೇ ಉಳಿದು ಗಂಟಲು ಕೆರೆಯೋ ಒಗರು ಬರುತ್ತೆ.

ನಾನು ಎಡವಿದ್ದು ಎಲ್ಲಿ ಅಂದ್ರೆ, ಕಾವು ಏರಿಸೋದನ್ನೂ ಊರಿಂದ ತಂದೆ. ಹೊಗೆಸೊಪ್ಪಿಗೆ ಕೊನೇ ದಿನ 70 ಡಿಗ್ರಿ ತನಕ ಕೊಡಬೇಕು, ಇಲ್ಲದಿದ್ದರೆ ನಡುದಂಟು ಒಣಗಲ್ಲ. ಗಾಂಜಾಕ್ಕೆ ಅಂಥ ಬಿಸಿ ಕೊಟ್ಟರೆ ಪರಿಮಳ ಕೊಡೋ ಟರ್ಪೀನುಗಳು ಗಾಳಿಗೆ ಹೋಗುತ್ತವೆ. ಮನೆಯೆಲ್ಲ ಘಮಘಮ ಅಂತ ಖುಷಿ ಪಡಬೇಡಿ, ಆ ಘಮ ಜಾಡಿಯಲ್ಲಿ ಇರಬೇಕಾದ್ದು. (ಆ ವರ್ಷ ನಮ್ಮ ಪಕ್ಕದ ಮನೆಯಾಕೆ, ನಿಮ್ಮ ಹಿತ್ತಲಿಗೆ ಸ್ಕಂಕ್ ಅನ್ನೋ ಗಬ್ಬುವಾಸನೆಯ ಪ್ರಾಣಿ ಬಂದಿತ್ತಾ ಅಂತ ಕೇಳಿದ್ರು. ಹೌದು ಅಂದುಬಿಟ್ಟೆ.)

ಈಗ ನಿಮ್ಮ ಕೈಯಲ್ಲಿರೋ ಮಾಲಿಗೆ ಬರೋಣ. ಎರಡು ವಿಷಯ ನೋಡಬೇಕು. ಒಂದು ವಾಸನೆ. ಬರೀ ಹುಲ್ಲಿನ ವಾಸನೆ ಆದರೆ ಪರವಾಗಿಲ್ಲ, ಜಾಡಿಯಲ್ಲಿ ಮುಚ್ಚಿಟ್ಟು, ಆಗಾಗ ಗಾಳಿ ಕೊಡ್ತಾ ವಾರಗಟ್ಟಲೆ ಹದಕ್ಕೆ ಬಿಟ್ಟರೆ ಸುಮಾರು ಮಟ್ಟಿಗೆ ಇಳಿಯುತ್ತೆ, ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ. ಅಮೋನಿಯಾ ಥರ ಮೂಗಿಗೆ ಹೊಡೆದರೆ ಗಾಳಿಯಿಲ್ಲದೆ ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿವೆ ಅಂತ ಅರ್ಥ, ತಕ್ಷಣ ಗಾಳಿಗೆ ಹಾಕಬೇಕು. ಮುಗ್ಗಲು ವಾಸನೆ ಬಂದರೆ ಬೂಷ್ಟು.

ಎರಡನೇದು ಕಣ್ಣಲ್ಲಿ ನೋಡೋದು. ದೊಡ್ಡ ಹೂಗಳನ್ನು ಕೈಯಲ್ಲಿ ಸೀಳಿ, ಬೆಳಕಿಗೆ ಹಿಡಿದು ನೋಡಿ. ಸಣ್ಣವನ್ನು ಬಿಡಿ, ರೋಗ ಹಿಡಿಯೋದು ದಪ್ಪನೆಯ ತುದಿ ಹೂಗಳಿಗೆ. ಇಲ್ಲಿ ಒಂಟಾರಿಯೋದಲ್ಲಿ ಸೆಪ್ಟೆಂಬರ್ ಕೊನೆಯ ಮಳೆ, ಬೆಳಗಿನ ಇಬ್ಬನಿ ಎರಡೂ ಸೇರಿ ಬಾಟ್ರೈಟಿಸ್ ಅನ್ನೋ ಬೂದಿ ಬಣ್ಣದ ಬೂಷ್ಟು ಗಿಡದಲ್ಲಿದ್ದಾಗಲೇ ಹತ್ತಿರುತ್ತೆ. ದ್ರಾಕ್ಷಿ, ಸ್ಟ್ರಾಬೆರಿಗೆ ಬರೋದೂ ಇದೇ. ಹೂವಿನ ಮಧ್ಯೆ ಒಂದೇ ಒಂದು ಎಲೆ ಸುಮ್ಮನೆ ಒಣಗಿ ನಿಂತಿದ್ದು, ಎಳೆದರೆ ಸಲೀಸಾಗಿ ಕೈಗೆ ಬಂದರೆ ಅನುಮಾನ ಪಡಿ. ಸೀಳಿದಾಗ ಒಳಗೆ ಕಂದು ಬಣ್ಣ, ಮೇಲೆ ಬೂದಿ ಉದುರಿಸಿದ ಹಾಗೆ ನವಿರು ಕಾಣುತ್ತೆ. ಅದು ಕಂಡ ಹೂವನ್ನು ಪೂರ್ತಿ ಎಸೀರಿ, ಕೊಳೆತ ಭಾಗ ಮಾತ್ರ ಚಿವುಟಿ ಉಳಿದದ್ದು ಇಟ್ಟುಕೊಳ್ಳೋ ಜಿಪುಣತನ ಬೇಡ. ಹಸಿಯಾಗೇ ಮುಚ್ಚಿಟ್ಟ ಮಾಲಿನಲ್ಲಿ ಆಸ್ಪರ್ಜಿಲಸ್ ಜಾತಿಯ ಬೂಷ್ಟೂ ಬರಬಹುದು. ಕೀಮೋ ತಗೊಳ್ತಿರೋರು, ರೋಗನಿರೋಧಕ ಶಕ್ತಿ ಕುಗ್ಗಿದವರು ಅದನ್ನು ಉಸಿರಲ್ಲಿ ಎಳೆದರೆ ಶ್ವಾಸಕೋಶಕ್ಕೆ ಗಂಭೀರ ಸೋಂಕು ಆಗಬಹುದು. ನಿಮಗೋ ನಿಮ್ಮ ಜೊತೆ ಹಂಚಿಕೊಳ್ಳೋರಿಗೋ ಅಂಥ ತೊಂದರೆ ಇದ್ದರೆ ನನ್ನ ಮೊದಲ ಸಾಲು ಮರೆತು ಎಲ್ಲಾ ಎಸೀರಿ.

ಚೆನ್ನಾಗಿದೆ ಅನಿಸಿದ್ದನ್ನು ಡಬ್ಬದಲ್ಲೇ ಆರೆಂಟು ಗಂಟೆ ಬಿಡಿ, ಕತ್ತಲಲ್ಲಿ, ಫ್ಯಾನ್ ಇಲ್ಲದೆ. ಆಮೇಲೆ ಜಾಡಿಗೆ ಮುಕ್ಕಾಲು ಭಾಗ ಮಾತ್ರ ತುಂಬಿ, ಜೊತೆಗೊಂದು ಪುಟ್ಟ ಹೈಗ್ರೋಮೀಟರ್ (ಗಾಳಿಯ ತೇವಾಂಶ ನೂರಕ್ಕೆ ಎಷ್ಟು ಅಂತ ತೋರಿಸೋ ಮೀಟರ್) ಹಾಕಿ ಮುಚ್ಚಿ. ಇಡೀ ಒಂದು ದಿನ ಕಳೆದು ಅಂಕಿ ನೋಡಿ, ಮೊದಲ ಒಂದು ಗಂಟೆಯ ಅಂಕಿ ನಂಬಬೇಡಿ. 70ರ ಮೇಲಿದ್ದರೆ ಮತ್ತೆ ಡಬ್ಬಕ್ಕೆ. 65ರಿಂದ 70ರ ಒಳಗಿದ್ದರೆ ಮುಚ್ಚಳ ತೆಗೆದು ಮೂರು ನಾಲ್ಕು ಗಂಟೆ ಬಿಟ್ಟು ಮತ್ತೆ ಮುಚ್ಚಿ ನೋಡಿ. 58ರಿಂದ 62ಕ್ಕೆ ಬಂದು ನಿಂತರೆ ಹದ ಸಿಕ್ಕಿತು. ಇದು ಯಾರೋ ಬಾಯಿಗೆ ಬಂದಿದ್ದು ಹೇಳಿದ ಲೆಕ್ಕ ಅಲ್ಲ. ಮಾನದಂಡ ರೂಪಿಸೋ ಅಂತರರಾಷ್ಟ್ರೀಯ ಸಂಸ್ಥೆ ಎಎಸ್‌ಟಿಎಂನ ಮಾನದಂಡದಲ್ಲಿ ಒಣ ಗಾಂಜಾ ಹೂವಿನ ಜಲಚಟುವಟಿಕೆ (ಬೂಷ್ಟಿಗೆ ಸಿಗೋ ಬಿಡಿ ನೀರಿನ ಅಳತೆ) 0.55ರಿಂದ 0.65ರ ನಡುವೆ ಇರಬೇಕು ಅಂತಿದೆ, ಮುಚ್ಚಿದ ಜಾಡಿಯಲ್ಲಿ ಅದು ನೂರಕ್ಕೆ 55ರಿಂದ 65 ತೇವಾಂಶ ಅಂತ ಕಾಣುತ್ತೆ.

ಆ ಹೈಗ್ರೋಮೀಟರನ್ನು ಕಣ್ಣು ಮುಚ್ಚಿ ನಂಬಬೇಡಿ. ಎರಡನೇ ವರ್ಷ ನಾನು ಎಲ್ಲಾ ಸರಿಯಾಗಿ ಮಾಡಿ, ಮೀಟರ್ 62 ತೋರಿಸ್ತಿದೆ ಅಂತ ನೆಮ್ಮದಿಯಾಗಿದ್ದೆ. ಮೂರನೇ ವಾರ ಒಂದು ಜಾಡಿ ಪೂರ್ತಿ ಬೂಷ್ಟು. ಆಮೇಲೆ ಉಪ್ಪಿನ ಪರೀಕ್ಷೆ ಮಾಡಿದೆ. ಬಾಟಲಿ ಮುಚ್ಚಳದಲ್ಲಿ ಪುಡಿಯುಪ್ಪು ತುಂಬಿ, ಒದ್ದೆ ಮರಳಿನ ಹಾಗಾಗೋಕೆ ಬೇಕಾದಷ್ಟೇ ಹನಿ ನೀರು ಹಾಕಿ, ಮೀಟರ್ ಜೊತೆ ಜಿಪ್ ಇರೋ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿಯಿಡೀ ಇಡಬೇಕು. ಬೆಳಗ್ಗೆ 75 ತೋರಿಸಬೇಕು, ಅಡುಗೆ ಉಪ್ಪಿನ ಗುಣವೇ ಅದು. ನನ್ನದು 69 ತೋರಿಸ್ತು. ಅಂದರೆ ನನ್ನ 62 ಅನ್ನೋದು ನಿಜವಾಗಿ 68. ಈಗ ಮೀಟರಿನ ಬೆನ್ನಿಗೆ "+6" ಅಂತ ಬರೆದು ಅಂಟಿಸಿದ್ದೀನಿ.

ಅಂಕಿ ಹದಕ್ಕೆ ಬಂದ ಮೇಲೆ ಮೊದಲ ವಾರ ದಿನಕ್ಕೊಂದು ಸಲ ಹತ್ತು ಹದಿನೈದು ನಿಮಿಷ ಮುಚ್ಚಳ ತೆಗೀರಿ, ಜಾಡಿಯನ್ನು ಸ್ವಲ್ಪ ಅಲ್ಲಾಡಿಸಿ ಹೂಗಳ ಜಾಗ ಬದಲಿಸಿ. ಎರಡನೇ ವಾರದಿಂದ ಎರಡು ಮೂರು ದಿನಕ್ಕೊಮ್ಮೆ ಸಾಕು. ತಿಂಗಳು ಕಳೆದ ಮೇಲೆ ಮರೆತರೂ ನಡೆಯುತ್ತೆ. ಜಾಡಿಯ ತೇವಾಂಶವನ್ನು 62ರಲ್ಲೇ ಹಿಡಿದಿಡೋ ಪೊಟ್ಟಣಗಳು ಸಿಗುತ್ತವೆ, ಹಾಕಬಹುದು. ಆದರೆ ಹಸಿ ಮಾಲನ್ನು ಅದು ಒಣಗಿಸಿಕೊಡುತ್ತೆ ಅಂತ ನಂಬಿ ಕೂರಬೇಡಿ, ಹದಕ್ಕೆ ಬಂದಿದ್ದನ್ನು ಹದದಲ್ಲಿ ಇಡೋಕಷ್ಟೇ ಅದು. ತೀರಾ ಒಣಗಿದ್ದಕ್ಕೆ ಕಿತ್ತಳೆ ಸಿಪ್ಪೆ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಸಿಪ್ಪೆಯ ಜೊತೆ ಬೂಷ್ಟೂ ಒಳಗೆ ಹೋಗುತ್ತೆ. ಊರಲ್ಲಿ ಬೆಂದ ಸೊಪ್ಪು ಮುಟ್ಟಿದರೆ ಮುರಿಯೋ ಹಾಗಿದ್ದಾಗ ಅಪ್ಪ ರಾತ್ರಿ ಬ್ಯಾರನ್ ಬಾಗಿಲು ತೆರೆದಿಟ್ಟು ಮಲಗ್ತಿದ್ರು, ಮಳೆಗಾಲದ ಗಾಳಿಯ ತೇವ ಕುಡಿದು ಬೆಳಗ್ಗೆ ಸೊಪ್ಪು ಬಟ್ಟೆಯ ಹಾಗೆ ಬಗ್ಗುತ್ತಿತ್ತು. ಇಲ್ಲಿ ನವೆಂಬರ್‌ನಲ್ಲಿ ಫರ್ನೆಸ್ ಓಡೋ ಮನೆಯೊಳಗಿನ ಗಾಳಿ ಒಣಗಿಸುತ್ತೆಯೇ ಹೊರತು ನೆನೆಸಲ್ಲ, ಅದಕ್ಕೆ ಪೊಟ್ಟಣವೇ ಗತಿ.

ಮುಂದಿನ ವರ್ಷಕ್ಕೆ ಒಂದು ಮಾತು. ಅಕ್ಟೋಬರ್‌ನಲ್ಲಿ ನಮ್ಮ ಬೇಸ್‌ಮೆಂಟುಗಳಿಗೆ ಎರಡು ಮುಖ. ತಿಂಗಳ ಶುರುವಲ್ಲಿ ತಣ್ಣಗೆ, ಒದ್ದೆಯಾಗಿರುತ್ತೆ. ಫರ್ನೆಸ್ ಶುರುವಾದ ದಿನ ತೇವಾಂಶ ದಿಢೀರ್ ಅಂತ 35ಕ್ಕೆ ಇಳಿದರೂ ಇಳೀತು. ನಿಮ್ಮ ಮೂರೇ ದಿನದ ರಹಸ್ಯ ಬಹುಶಃ ಇದೇ, ಜೊತೆಗೆ ಆ ಫ್ಯಾನ್. ನೇತುಹಾಕೋ ಜಾಗದ ಬಿಸಿಗಾಳಿ ಕಿಂಡಿ ಮುಚ್ಚಿ. 16ರಿಂದ 20 ಡಿಗ್ರಿ, ತೇವಾಂಶ 55ರಿಂದ 60, ಕತ್ತಲು. ಫ್ಯಾನ್ ಗೋಡೆ ಕಡೆ ಮುಖ ಮಾಡಿರಲಿ, ಹೂವು ಅಲ್ಲಾಡಬಾರದು. ಮನೆ ಒಣಗಿದ್ದರೆ ರೆಂಬೆಯನ್ನು ಎಲೆ ಸಮೇತ ನೇತುಹಾಕಿ, ಸಣ್ಣ ಎಲೆಗಳು ಹೂವನ್ನು ಹೊದ್ದುಕೊಂಡು ನಿಧಾನ ಮಾಡುತ್ತವೆ. ಮನೆ ಒದ್ದೆಯಾಗಿದ್ದರೆ ಎಲೆ ಕತ್ತರಿಸಿಯೇ ಹಾಕಿ. ಹೀಗಾದರೆ ಹತ್ತು ದಿನ, ಕೆಲವೊಮ್ಮೆ ಎರಡು ವಾರ. ಸಣ್ಣ ಕಡ್ಡಿ ಬಗ್ಗಿಸಿದಾಗ ಲಟಕ್ ಅಂದು ಮುರಿಯಬೇಕು, ದಪ್ಪ ರೆಂಬೆ ಇನ್ನೂ ಬಾಗ್ತಾ ಇರಬೇಕು, ಆಗ ಇಳಿಸಿ. ತೂಕದಲ್ಲಿ ನೋಡೋದಾದರೆ ಹಸಿ ಹೂವು 100 ಗ್ರಾಂ ಇದ್ದದ್ದು 20ರಿಂದ 25ಕ್ಕೆ ಇಳಿದಿರುತ್ತೆ.

ಕಿಟಕಿ ಹತ್ತಿರ ಜಾಡಿ ಸಾಲಾಗಿಟ್ಟು ಫೋಟೋ ಹಾಕಿದ್ದೀರಲ್ಲ, ಚೆಂದ ಕಾಣುತ್ತೆ, ತೆಗೆದುಬಿಡಿ. 1976ರಲ್ಲೇ ಲಂಡನ್ನಿನ ಸಂಶೋಧಕರು (ನಿಮ್ಮ ಲಂಡನ್ ಅಲ್ಲ, ಇಂಗ್ಲೆಂಡಿನದು) ಕೂಡಿಟ್ಟ ಗಾಂಜಾದ ಸತ್ವ ಕಳೆಯೋದರಲ್ಲಿ ಬೆಳಕಿನ ಪಾಲೇ ಎಲ್ಲಕ್ಕಿಂತ ದೊಡ್ಡದು ಅಂತ ಅಳೆದು ತೋರಿಸಿದ್ದಾರೆ. ಕತ್ತಲಲ್ಲಿ ಇಟ್ಟದ್ದು ಸಾಮಾನ್ಯ ಕೋಣೆಯ ಬಿಸಿಯಲ್ಲೇ ಒಂದೆರಡು ವರ್ಷ ಚೆನ್ನಾಗಿರುತ್ತೆ. ಇನ್ನು, ಹದ ಮಾಡಿದಷ್ಟೂ ಅಮಲು ಏರುತ್ತೆ ಅಂತ ಯಾರೋ ನಿಮಗೆ ಹೇಳಿದ್ದಾರಂತೆ. ಇಲ್ಲ. ಗಿಡದಲ್ಲಿ ಎಷ್ಟು ತಯಾರಾಗಿತ್ತೋ ಅಷ್ಟೇ, ಹದದಿಂದ ಸಿಗೋದು ರುಚಿ ಮತ್ತು ನಯ.

ಜಾಡಿಗಳನ್ನು ಬೀಗ ಹಾಕೋ ಕಪಾಟಿನಲ್ಲಿಡಿ, ಮನೆಯಲ್ಲಿ ಮಕ್ಕಳಿದ್ದಾರೆ ಅಂದಿದ್ದೀರಿ. ಇಲ್ಲಿನ ಕಾನೂನಿನ ನಾಲ್ಕು ಗಿಡದ ಮಿತಿ ಇಡೀ ಮನೆಗೆ, ತಲೆಗಲ್ಲ. ಮುಂದಿನ ವರ್ಷ ನಿಮ್ಮವರು ನಾಲ್ಕು, ನೀವು ನಾಲ್ಕು ಅಂತ ಲೆಕ್ಕ ಹಾಕಬೇಡಿ. ಕ್ವಿಬೆಕ್‌ಗೆ ಮನೆ ಬದಲಾಯಿಸೋ ಯೋಚನೆ ಇದ್ದರೆ ಅಲ್ಲಿ ಮನೆಯಲ್ಲಿ ಬೆಳೆಯೋದೇ ನಿಷೇಧ, 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಡಿಸೆಂಬರ್‌ನಲ್ಲಿ ಊರಿಗೆ ಹೋಗ್ತೀನಿ ಅಂತಲೂ ಬರೆದಿದ್ದೀರಿ. ಸೂಟ್‌ಕೇಸ್ ತುಂಬೋ ಮುಂಚೆ ಎಲ್ಲಾ ಜೇಬು ಕೊಡವಿ ನೋಡಿ. ಇಲ್ಲಿನ ಗಡಿ ದಾಟಿಸೋದೂ ಅಪರಾಧ, ಅಲ್ಲಿ 1985ರ ಎನ್‌ಡಿಪಿಎಸ್ ಅನ್ನೋ ಮಾದಕವಸ್ತು ಕಾಯ್ದೆ ಕಾಯ್ತಾ ಇರುತ್ತೆ. ಇದನ್ನು ಓದ್ತಿರೋ ಕರ್ನಾಟಕದವರಿಗೂ ಇದೇ ಮಾತು. ಅಲ್ಲಿ ಒಂದು ಗಿಡ ಬೆಳೆದರೂ ಕೇಸು, ನನ್ನ ಈ ಉತ್ತರ ಕೆನಡಾದ ಹಿತ್ತಲಿಗೆ ಮಾತ್ರ.

ನಾಳೆ ರಾತ್ರಿ ಹೊತ್ತಿಗೆ ಜಾಡಿಯ ಅಂಕಿ ಏನು ಬಂತು ಅಂತ ಇಲ್ಲೇ ಕೆಳಗೆ ಬರೀರಿ. ಉಪ್ಪಿನ ಪರೀಕ್ಷೆಯಲ್ಲಿ ಮೀಟರ್ ಎಷ್ಟು ತೋರಿಸ್ತು ಅನ್ನೋದನ್ನೂ ಸೇರಿಸಿ, ಇಲ್ಲದಿದ್ದರೆ ನಾನು ಏನೂ ಹೇಳೋಕಾಗಲ್ಲ.