ಓದುಗರ ಪ್ರಶ್ನೆ: ಗೆಸ್ಟಾಪೊಗೇ ಚಳ್ಳೆಹಣ್ಣು

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಮುಸ್ಲಿಮರು ಯೆಹೂದಿಗಳನ್ನು ಬಚ್ಚಿಟ್ಟು ಕಾಪಾಡಿದ್ದು ನಿಜವೇ? ಹೇಗೆ ಸಾಧ್ಯವಾಯಿತು?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಜ. ಅಲ್ಬೇನಿಯಾದ ಮುಸ್ಲಿಂ ಹಳ್ಳಿಗರು ಯೆಹೂದಿಗಳಿಗೆ ಮುಸ್ಲಿಂ ಹೆಸರು, ಊರಿನ ಉಡುಪು ಕೊಟ್ಟು ಮನೆಯವರಂತೆಯೇ ಇಟ್ಟುಕೊಂಡರು. ಬರ್ಲಿನ್‌ನಲ್ಲಿ ಅದು ಸಾಲದು, ಕಾಗದಪತ್ರವೂ ಬೇಕಿತ್ತು. ಅಲ್ಲಿದ್ದ ಈಜಿಪ್ಟಿನ ವೈದ್ಯ ಮೊಹಮ್ಮದ್ ಹೆಲ್ಮಿ, ಅನ್ನಾ ಬೊರೊಸ್ ಎಂಬ ಯೆಹೂದಿ ಯುವತಿಯನ್ನು ಬೂಖ್ ಬಡಾವಣೆಯ ತಮ್ಮ ಪುಟ್ಟ ಮನೆಯಲ್ಲಿ ಅಡಗಿಸಿದರು. ಇಸ್ಲಾಂಗೆ ಮತಾಂತರವಾದ ಪ್ರಮಾಣಪತ್ರವನ್ನೂ ಮಾಡಿಸಿದರು. ತಪಾಸಣೆಯ ಸುಳಿವು ಸಿಕ್ಕರೆ ಬೇರೆಯವರ ಮನೆಗೆ ಸಾಗಿಸಿ, ಡ್ರೆಸ್ಡೆನ್‌ನಿಂದ ಬಂದ ನೆಂಟಳು ಎನ್ನುತ್ತಿದ್ದರು. 1944ರಲ್ಲಿ ಅನ್ನಾಳ ಬಂಧುಗಳು ಸಿಕ್ಕಿಬಿದ್ದು, ವಿಚಾರಣೆಯಲ್ಲಿ ಗುಟ್ಟು ರಟ್ಟಾಯಿತು. ಹೆಲ್ಮಿ ಕೂಡಲೇ ಅವಳನ್ನು ಪರಿಚಿತ ಜರ್ಮನ್ ಮಹಿಳೆಯ ಮನೆಗೆ ಸೇರಿಸಿ, ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊಗೆ, ಅವಳು ತಮಗೆ ಬರೆದದ್ದೆಂದು ಒಂದು ಪತ್ರ ತೋರಿಸಿದರು: ‘ನಾನು ಯಾರೆಂಬುದನ್ನು ನಿಮ್ಮಿಂದ ಮುಚ್ಚಿಟ್ಟೆ, ಬಂಧು ಮಹಿಳೆಯೊಬ್ಬರ ಮನೆಗೆ ಹೋಗುತ್ತಿದ್ದೇನೆ’ ಎಂಬರ್ಥದ್ದು. ಎಂಥ ಚುರುಕುತನ! ಇಬ್ಬರೂ ಬದುಕುಳಿದರು.