ಮಗಳಿಗೆ ಇತಿಹಾಸ ಇಷ್ಟ ಇದ್ದರೆ ಇತಿಹಾಸವನ್ನೇ ಓದಲಿ

ನಮಸ್ಕಾರ. ದಾವಣಗೆರೆ ಬಿಟ್ಟು ಅಮೆರಿಕಕ್ಕೆ ಬಂದು ಒಂದೂವರೆ ವರ್ಷ ಆಯಿತು, ಮಗಳು ಹನ್ನೊಂದನೇ ತರಗತಿ ಅಂತ ಬರೆದಿದ್ದೀರಿ. ಅವಳಿಗೆ ಡಾಕ್ಟರ್ ಆಗುವ ಆಸೆ, ಆದರೆ ಕಾಲೇಜಿನಲ್ಲಿ ಇತಿಹಾಸ ಓದುತ್ತೇನೆ ಅಂತಾಳೆ. ಬಯಾಲಜಿ ತೆಗೆದುಕೊಳ್ಳದಿದ್ದರೆ ಮೆಡಿಕಲ್ ಕೈತಪ್ಪುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ, ತಪ್ಪುವುದಿಲ್ಲ.

ನಾನು ಶಿವಮೊಗ್ಗದವಳು. ಓಹಾಯೋದಲ್ಲಿ 24 ವರ್ಷದಿಂದ ಇದ್ದೇನೆ. ನನ್ನ ಮಗ ಕಾಲೇಜು ಸೇರುವಾಗ ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಬಂದಿತ್ತು. ಆಗ ನಾನು ತಪ್ಪು ಉತ್ತರ ಕೊಟ್ಟೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ತಲೆಯಲ್ಲಿ ಕೂತಿರುವುದು ಪಿಯುಸಿ ಲೆಕ್ಕ. ಪಿಸಿಎಂಬಿ ತಗೊಂಡರೆ ದಾರಿ ಇದೆ, ಆರ್ಟ್ಸ್ ತಗೊಂಡರೆ ಇಲ್ಲ. ಆಮೇಲೆ ನೀಟ್, ಆಮೇಲೆ ನೇರ ಎಂಬಿಬಿಎಸ್. ಇಲ್ಲಿ ಹಾಗಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ಅದಾದ ಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್, ಆಮೇಲೆ ಮೂರರಿಂದ ಏಳು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಎಲ್ಲರೂ ಬಾಯಿತುಂಬ ಹೇಳುವ 'ಪ್ರಿ-ಮೆಡ್' ಹೆಚ್ಚಿನ ಕಾಲೇಜುಗಳಲ್ಲಿ ಒಂದು ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಅಲ್ಲವೇ ಅಲ್ಲ. ಮೆಡಿಕಲ್ ಸ್ಕೂಲ್‌ಗಳು ಕೇಳುವ ಕೆಲವು ಕೋರ್ಸುಗಳ ಪಟ್ಟಿ ಅಷ್ಟೇ. ಸಾಮಾನ್ಯವಾಗಿ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಲ್ಯಾಬ್ ಸಮೇತ ಒಂದೊಂದು ವರ್ಷ. ಜೊತೆಗೆ ಬಯೋಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಇಂಗ್ಲಿಷ್. ಡಿಗ್ರಿಗೆ ಬೇಕಾದ ಸುಮಾರು 120 ಕ್ರೆಡಿಟ್‌ಗಳಲ್ಲಿ ಇವು 40ರ ಆಸುಪಾಸು. ಉಳಿದದ್ದರಲ್ಲಿ ಇತಿಹಾಸಕ್ಕೆ ಧಾರಾಳವಾಗಿ ಜಾಗ ಇದೆ.

ಅರ್ಜಿ ಹಾಕುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಬಯಾಲಜಿ ಕಡೆಯವರೇ, ನಿಜ. ಆದರೆ ಸಾಹಿತ್ಯ, ಇತಿಹಾಸ ಓದಿ ಅರ್ಜಿ ಹಾಕಿದವರಿಗೆ ಸೀಟು ಸಿಗುವ ಪ್ರಮಾಣ ಅವರಿಗಿಂತ ಕಡಿಮೆಯೇನಿಲ್ಲ. ನಮ್ಮ ಮಂಡ್ಯ ಮೂಲದ ವಿವೇಕ್ ಮೂರ್ತಿ ಹಾರ್ವರ್ಡ್‌ನಲ್ಲಿ ಬಯೋಕೆಮಿಕಲ್ ಸೈನ್ಸಸ್ ಓದಿ ಮುಂದೆ ಅಮೆರಿಕದ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯದ ಉನ್ನತ ಅಧಿಕಾರಿ) ಆದರು. ಪಾಲ್ ಕಲಾನಿಧಿ ಸ್ಟ್ಯಾನ್‌ಫರ್ಡ್‌ನಲ್ಲಿ ಹ್ಯೂಮನ್ ಬಯಾಲಜಿಯ ಜೊತೆಗೆ ಇಂಗ್ಲಿಷ್ ಸಾಹಿತ್ಯ ಓದಿ ನ್ಯೂರೋಸರ್ಜನ್ ಆದರು. ಎರಡೂ ದಾರಿ ನಡೆಯುತ್ತದೆ.

ಮೆಡಿಕಲ್ ಸ್ಕೂಲ್‌ಗಳು ಹೆಚ್ಚು ನೋಡುವುದು ಅಂಕವನ್ನು. ನನ್ನ ಮಗನಿಗೆ ಎಕನಾಮಿಕ್ಸ್ ಪ್ರಾಣ. ನಾನು ಬಿಡಲಿಲ್ಲ, 'ಡಾಕ್ಟರ್ ಆಗುವವನಿಗೆ ಅದೇಕೆ' ಅಂತ ಬಯಾಲಜಿಗೆ ಹಾಕಿಸಿದೆ. ಎರಡನೇ ವರ್ಷ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಜೊತೆಗೆ ಮೇಜರ್‌ನ ಎರಡು ಕಷ್ಟದ ಬಯಾಲಜಿ ಕೋರ್ಸುಗಳು ಒಂದೇ ಸೆಮಿಸ್ಟರ್‌ನಲ್ಲಿ ಬಂದವು. ಎರಡರಲ್ಲಿ ಸಿ ಗ್ರೇಡ್. ಫೋನಿನಲ್ಲಿ ಅವನ ದನಿಯೇ ಬೇರೆ ಆಗಿತ್ತು. ಮತ್ತೆ ತಗೊಂಡರೆ ಸರಿಹೋಗುತ್ತದೆ ಅಂದುಕೊಂಡೆವು. ಆದರೆ ಎಂ.ಡಿ. (ಇಲ್ಲಿ ಅದು ನಮ್ಮ ಎಂಬಿಬಿಎಸ್ ಇದ್ದಂತೆ) ಅರ್ಜಿಗಳು ಹೋಗುವ ಆಮ್ಕಾಸ್ ವ್ಯವಸ್ಥೆಯಲ್ಲಿ ಹಳೆಯ ಗ್ರೇಡೂ ಲೆಕ್ಕಕ್ಕೆ ಬರುತ್ತದೆ, ಹೊಸದೂ ಬರುತ್ತದೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತದ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಬೇರೆಯಾಗಿಯೂ ತೆಗೆಯುತ್ತಾರೆ. ಮೂರನೇ ವರ್ಷ ಅವನು ಎಕನಾಮಿಕ್ಸ್‌ಗೆ ಬದಲಾಯಿಸಿದ. ಮುಖದಲ್ಲಿ ಕಳೆ ಬಂತು, ಅಂಕವೂ ಬಂತು. ಆದರೂ ಡಿಗ್ರಿ ಮುಗಿದ ಮೇಲೆ ಎರಡು ವರ್ಷ ಕ್ಲಿನಿಕ್ ಒಂದರಲ್ಲಿ ಸ್ಕ್ರೈಬ್ (ಡಾಕ್ಟರ ಪರವಾಗಿ ಟಿಪ್ಪಣಿ ಬರೆಯುವವ) ಆಗಿ ದುಡಿಯುತ್ತಾ, ಸಂಜೆ ಕೋರ್ಸು ಮಾಡುತ್ತಾ ಆ ಗಾಯ ಮುಚ್ಚಬೇಕಾಯಿತು. ಈಗ ಮೆಡಿಕಲ್ ಸ್ಕೂಲ್ ಎರಡನೇ ವರ್ಷದಲ್ಲಿದ್ದಾನೆ. ಆ ಎರಡು ವರ್ಷ ನನ್ನ ಹಟದ ಬೆಲೆ ಅಂತ ನನಗೆ ಈಗಲೂ ನೋವಿದೆ.

ಇದರ ಇನ್ನೊಂದು ಮಗ್ಗುಲನ್ನೂ ಮಗಳಿಗೆ ಹೇಳಿ. ಇತಿಹಾಸದವಳಿಗೆ ಸೈನ್ಸ್ ಕೋರ್ಸುಗಳು ಕಡಿಮೆ. ಹಾಗಾಗಿ ಒಂದೊಂದು ಗ್ರೇಡಿನ ತೂಕ ಜಾಸ್ತಿ. ಒಂದು ಬಿ ಬಂದರೂ ಎದ್ದು ಕಾಣುತ್ತದೆ. ಕೆಮಿಸ್ಟ್ರಿಯನ್ನು ಮೊದಲ ವರ್ಷವೇ ಶುರು ಮಾಡಬೇಕು, ಏಕೆಂದರೆ ಜನರಲ್, ಆರ್ಗ್ಯಾನಿಕ್, ಬಯೋಕೆಮಿಸ್ಟ್ರಿ ಒಂದರ ಹಿಂದೆ ಒಂದು ಬರುತ್ತವೆ. ತಡವಾದರೆ ಮೆಡಿಕಲ್ ಪ್ರವೇಶಕ್ಕೆ ಬರೆಯುವ ಎಂಕ್ಯಾಟ್ ಪರೀಕ್ಷೆಯೂ ತಡವಾಗುತ್ತದೆ. ಹೈಸ್ಕೂಲಿನಲ್ಲಿ ಎಪಿ (ಕಾಲೇಜು ಮಟ್ಟದ) ಕೆಮಿಸ್ಟ್ರಿ ಮುಗಿಸಿದ್ದೇನೆ ಅಂತ ಕಾಲೇಜಿನಲ್ಲಿ ಅದನ್ನು ಬಿಡುವುದೂ ಬೇಡ. ಕೆಲವು ಮೆಡಿಕಲ್ ಸ್ಕೂಲ್‌ಗಳು ಎಪಿಯನ್ನು ಒಪ್ಪುವುದಿಲ್ಲ.

ಎಂಕ್ಯಾಟ್‌ನಲ್ಲಿ ನಾಲ್ಕು ಭಾಗ. ಅದರಲ್ಲಿ ಕಾರ್ಸ್ ಅನ್ನುವುದು ಬರೀ ಓದಿ ಅರ್ಥಮಾಡಿಕೊಳ್ಳುವ ಭಾಗ. 90 ನಿಮಿಷ, 53 ಪ್ರಶ್ನೆ, ಸೈನ್ಸ್ ಒಂದಕ್ಷರ ಇಲ್ಲ. ಸಾಹಿತ್ಯ, ತತ್ವಶಾಸ್ತ್ರ, ಸಮಾಜಶಾಸ್ತ್ರದಂಥ ಬರಹಗಳನ್ನು ಕೊಟ್ಟು, ಲೇಖಕರ ವಾದ ಏನು ಅಂತ ಕೇಳುತ್ತಾರೆ. ನನ್ನ ಮಗನ ಬಯಾಲಜಿ ಗೆಳೆಯರು ಒದ್ದಾಡಿದ್ದು ಇಲ್ಲೇ. ಇತಿಹಾಸ ಓದಿದವಳಿಗೆ ಇದು ದಿನದ ಊಟ ಅಲ್ವಾ?

ಈಗ ನೀವು ಕೇಳದ ವಿಷಯ. ಮೇಜರ್‌ಗಿಂತ ಇದೇ ನನ್ನನ್ನು ಹೆಚ್ಚು ಕಾಡುತ್ತಿದೆ. ನಿಮ್ಮದು ಎಚ್-1ಬಿ ಕೆಲಸದ ವೀಸಾ, ಅವಳದು ಅದನ್ನು ಅವಲಂಬಿಸಿದ ಎಚ್-4 ವೀಸಾ ಅಂದಿದ್ದೀರಿ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಅವಳು ಡಿಗ್ರಿ ಮುಗಿಸುವ ಹೊತ್ತಿಗೆ 21 ದಾಟಿರುತ್ತದೆ. ಅಷ್ಟರಲ್ಲಿ ಗ್ರೀನ್ ಕಾರ್ಡ್ ಬರದಿದ್ದರೆ ಓದು ಮುಂದುವರಿಸಲು ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕು. ಎಫ್-1ನವರನ್ನು ತೆಗೆದುಕೊಳ್ಳುವ ಮೆಡಿಕಲ್ ಸ್ಕೂಲ್‌ಗಳು ಕಡಿಮೆ. ತೆಗೆದುಕೊಳ್ಳುವ ಕೆಲವು ಕಡೆ ಫೀಸಿನ ಹಣ ಮುಂಚಿತವಾಗಿಯೇ ತೋರಿಸಿ ಅಂತಾರೆ. ಸರ್ಕಾರದ ಸಾಲ ಎಫ್-1ನವರಿಗೆ ಸಿಗುವುದಿಲ್ಲ. ಭಾರತೀಯರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ನಿಮಗೂ ಗೊತ್ತು.

ಹೆದರಿಸಲು ಹೇಳುತ್ತಿಲ್ಲ. ಈ ತಿಂಗಳೇ ಒಬ್ಬ ಒಳ್ಳೆಯ ಇಮಿಗ್ರೇಶನ್ ವಕೀಲರ ಹತ್ತಿರ ಕೂತು, ಅವಳ ಹುಟ್ಟಿದ ದಿನ, ನಿಮ್ಮ ಅರ್ಜಿಯ ದಿನಾಂಕ ಎರಡನ್ನೂ ಇಟ್ಟು ಲೆಕ್ಕ ಹಾಕಿಸಿ. ಮೇಜರ್ ಆರಿಸುವಾಗಲೂ ಇದು ನೆನಪಿರಲಿ. ಮೆಡಿಕಲ್ ಒಂದೆರಡು ವರ್ಷ ಮುಂದೆ ಹೋದರೆ ಕೈಯಲ್ಲಿ ಕೆಲಸ ಕೊಡುವ ವಿದ್ಯೆಯೂ ಇರಬೇಕು. ಇತಿಹಾಸದ ಜೊತೆಗೆ ಸ್ಟ್ಯಾಟಿಸ್ಟಿಕ್ಸ್ ಅಥವಾ ಪಬ್ಲಿಕ್ ಹೆಲ್ತ್ ಮೈನರ್ (ಎರಡನೇ, ಚಿಕ್ಕ ವಿಷಯ) ಮಾಡಬಹುದಾ ಅಂತ ಅವಳನ್ನೇ ಕೇಳಿ ನೋಡಿ. ಸುಮ್ನೆ ಒತ್ತಾಯ ಬೇಡ.

ಮುಂದಿನ ತಿಂಗಳು ನನ್ನ ಮಗ ರಜೆಗೆ ಬರುತ್ತಾನೆ. ಮಗಳಿಗೆ ಒಪ್ಪಿಗೆ ಇದ್ದರೆ ಅವನ ಜೊತೆ ಫೋನಿನಲ್ಲಿ ಮಾತಾಡಲಿ. ನಾವಿಬ್ಬರೂ ಕೋಣೆಯ ಹೊರಗೆ ಇರೋಣ.